ಮಗುವಿನ ಕೈಯಲ್ಲಿ ಆಕಾಶ

2024ರ ಆಗಸ್ಟ್ ತಿಂಗಳು. ಶಾಲೆಯಿಂದ ಬಂದ ಆರು ವರ್ಷದ ಮೊಮ್ಮಗಳು ಚೀಲದಿಂದ ಒಂದು ಚೀಟಿಯನ್ನು ತೆಗೆದು ನಮ್ಮ ಕೈಗಿತ್ತಳು. ಹಿಂದಿನ ವರ್ಷ, ಅಂದರೆ 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ, ಚಂದ್ರಯಾನ–3ರ ವಿಕ್ರಮ್ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದಿತ್ತು. ಅದರ ನೆನಪಿಗಾಗಿ ದೇಶವು ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನವನ್ನು ಆಚರಿಸಲಿತ್ತು. ಮಕ್ಕಳು ಬಾಹ್ಯಾಕಾಶಕ್ಕೆ ಸಂಬಂಧಿಸಿದ ಒಂದು ಮಾದರಿಯನ್ನು ಮನೆಯಲ್ಲಿ ತಯಾರಿಸಿ ತರಬೇಕೆಂದು ಚೀಟಿಯಲ್ಲಿ ಬರೆದಿತ್ತು.

ಉಳಿದುದು ಎರಡೇ ದಿನ. ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹೊಣೆ ನಮ್ಮ ಮೇಲೆ ಬಿತ್ತು. ನಾವು ಹೆಚ್ಚು ಯೋಚಿಸಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಥರ್ಮೊಕೋಲಿನ ಸೌರಮಂಡಲ ಸಿದ್ಧವಾಗಿಯೇ ದೊರೆಯಿತು. ಬಣ್ಣ ಬಳಿದ ಗ್ರಹಗಳು, ಹೊಳೆಯುವ ಉಂಗುರವುಳ್ಳ ಶನಿ, ನಡುವೆ ಬೆಳಗುವ ಪುಟ್ಟ ದೀಪ. ತಂದು ಕೊಟ್ಟೆವು. ಮಗು ಒಯ್ದಿತು. ಎರಡನೆಯ ಬಹುಮಾನವೂ ಬಂತು.

ಒಂದು ವಾರದ ಬಳಿಕ ಅವಳ ಬಟ್ಟೆಗಳನ್ನು ಮಡಿಸಿಡುತ್ತಿದ್ದ ಅಜ್ಜಿಗೆ ಆ ಪ್ರಶಸ್ತಿಪತ್ರ ಕಪಾಟಿನ ತಳದಲ್ಲಿ, ಹಳೆಯ ಲಂಗದ ಕೆಳಗೆ ಸಿಕ್ಕಿತು. ಗೋಡೆಗೆ ಹಾಕೋಣವೆಂದು ನಾವು ಕರೆದರೆ ಮಗು ತಲೆಯೆತ್ತಲಿಲ್ಲ. “ಬೇಡ ಅಜ್ಜಾ. ಅದು ಅಂಗಡಿಯವರಿಗೆ ಬಂದ ಬಹುಮಾನ” ಎಂದಳು.

ನಾವು ನಿರುತ್ತರರಾದೆವು. ತಾನು ದುಡಿಯದೆ ಪಡೆದುದು ತನ್ನದಲ್ಲವೆಂಬುದು ಆರು ವರ್ಷದ ಕೂಸಿಗೆ ತಿಳಿದಿತ್ತು. ಕಾಯಕದ ಹಿರಿಮೆಯನ್ನು ಸಭೆಗಳಲ್ಲಿ ಕೇಳಿ ತಲೆದೂಗುತ್ತ ಬಂದ ನಮಗೆ ಅದು ತೋಚಲಿಲ್ಲ. ಮಗುವಿಗೆ ಉಪಕಾರ ಮಾಡಿದೆವೆಂದು ಭಾವಿಸಿ, ಅದರ ಕೈಯಿಂದ ಒಂದು ಕೆಲಸವನ್ನು ಕಸಿದುಕೊಂಡಿದ್ದೆವು.

ಆ ಭಾನುವಾರದಿಂದ ನಮ್ಮ ಮನೆಯಲ್ಲಿ ಒಂದು ಹೊಸ ರೂಢಿ ಆರಂಭವಾಯಿತು. ಮಧ್ಯಾಹ್ನದ ಊಟವಾದ ಮೇಲೆ ಎರಡು ತಾಸು ಮೊಮ್ಮಗಳು, ಅವಳ ನಾಲ್ಕು ವರ್ಷದ ತಮ್ಮ ಹಾಗೂ ನಾವಿಬ್ಬರು ಹಿರಿಯರು ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತು ಆಕಾಶವನ್ನು ಕುರಿತು ಏನಾದರೊಂದನ್ನು ಮಾಡುತ್ತೇವೆ. ಹೀಗೆ ಮಾಡಿ ನೋಡಿದುದರಲ್ಲಿ ಫಲ ಕೊಟ್ಟ ಕೆಲವನ್ನು ಓದುಗ ಬಂಧುಗಳೊಡನೆ, ವಿಶೇಷವಾಗಿ ಎಳೆಯ ಮಕ್ಕಳಿರುವ ಮನೆಗಳ ತಾಯಂದಿರು ಹಾಗೂ ಅಜ್ಜ-ಅಜ್ಜಿಯರೊಡನೆ, ಹಂಚಿಕೊಳ್ಳಬಯಸುತ್ತೇವೆ.

ಮೊದಲು ಕೆಲವು ಕಟ್ಟಳೆಗಳು

ನಾವು ಹಾಕಿಕೊಂಡ ಮೊದಲ ಕಟ್ಟಳೆ, ಯಾವುದನ್ನೂ ಅಂಗಡಿಯಿಂದ ಸಿದ್ಧವಾಗಿ ತರಬಾರದೆಂಬುದು. ಹಳೆಯ ವೃತ್ತಪತ್ರಿಕೆ, ಬೆಂಕಿಪೆಟ್ಟಿಗೆ, ಪಾದರಕ್ಷೆಯ ರಟ್ಟಿನ ಡಬ್ಬಿ, ದಾರ, ಇದ್ದಿಲು, ರಂಗೋಲಿ ಪುಡಿ, ಮನೆಯಲ್ಲೇ ಕಾಯಿಸಿದ ಮೈದಾ ಹಿಟ್ಟಿನ ಅಂಟು, ಇಷ್ಟಿದ್ದರೆ ಸಾಕು.

ಎರಡನೆಯದು, ಮಗು ಮಾಡಬಲ್ಲ ಕೆಲಸಕ್ಕೆ ಹಿರಿಯರ ಕೈ ಹೋಗಬಾರದು. ಗೆರೆ ಸೊಟ್ಟಗಾಗಲಿ, ಅಂಟು ಸೋರಲಿ, ಚಂದ್ರ ಆಲೂಗಡ್ಡೆಯಂತೆ ಕಾಣಲಿ, ಸುಮ್ಮನಿರಬೇಕು. ಇದು ಹೇಳುವುದಕ್ಕೆ ಸುಲಭ, ಪಾಲಿಸುವುದು ಬಹು ಕಷ್ಟ. ನಮ್ಮ ಕೈಗಳನ್ನು ನಾವೇ ಹಲವು ಸಲ ಹಿಂದಕ್ಕೆ ಎಳೆದುಕೊಂಡಿದ್ದೇವೆ.

ಮೂರನೆಯದು ಎಚ್ಚರಿಕೆ. ಸೂಜಿ, ಚೂಪಾದ ಕತ್ತರಿ, ಬಿಸಿ ಅಂಟು ಇವು ಹಿರಿಯರ ಪಾಲು. ಸಾಸಿವೆ, ಕಡಲೆ, ಗೋಲಿ ಮೊದಲಾದ ಚಿಕ್ಕ ವಸ್ತುಗಳನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುವ ವಯಸ್ಸಿನ ಕೂಸು ಮನೆಯಲ್ಲಿದ್ದರೆ, ಕೆಲಸ ಮುಗಿದೊಡನೆ ಎಣಿಸಿ ಎತ್ತಿಡಬೇಕು.

ಬಳೆಯ ಚಂದ್ರ, ಹಿಟ್ಟಿನ ಚಂದ್ರ

ನಮ್ಮ ಹೆಚ್ಚಿನ ಹಬ್ಬಹರಿದಿನಗಳು ಚಂದ್ರನನ್ನು ಆಶ್ರಯಿಸಿವೆ. ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿ ಹುಣ್ಣಿಮೆ ಎಂದು ತಿಥಿಗಳ ಹೆಸರು ಹೇಳುವ ನಾವು, ಆ ದಿನ ತಲೆಯೆತ್ತಿ ಚಂದ್ರನನ್ನು ನೋಡುವುದು ಮಾತ್ರ ಅಪರೂಪವಾಗಿದೆ. ಆದುದರಿಂದ ಚಂದ್ರನಿಂದಲೇ ಆರಂಭಿಸಿದೆವು.

ದೊಡ್ಡ ಹಾಳೆಯೊಂದರ ಮೇಲೆ ಮೊಮ್ಮಗಳು ತನ್ನ ಬಳೆಯನ್ನಿಟ್ಟು ಸುತ್ತ ಗೆರೆ ಎಳೆದು ಮೂವತ್ತು ವೃತ್ತಗಳನ್ನು ಬರೆದಳು. ಅಮಾವಾಸ್ಯೆಯ ಮರುದಿನದಿಂದ ಪ್ರತಿದಿನ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕಿ, ಕತ್ತಲಾಗಿ ಕಂಡ ಭಾಗಕ್ಕೆ ಇದ್ದಿಲು ತೀಡಿದಳು. ಮೋಡ ಮುಚ್ಚಿದ ದಿನ ವೃತ್ತದೊಳಗೆ ಮೋಡವನ್ನೇ ಬರೆದಳು. ಕಾಣದುದನ್ನು ಕಂಡೆನೆಂದು ಬರೆಯಬಾರದೆಂಬ ಪಾಠ ಹೇಳದೆಯೇ ಆಯಿತು. ಹುಣ್ಣಿಮೆಯ ನಂತರ ಚಂದ್ರ ದಿನದಿನಕ್ಕೆ ತಡವಾಗಿ, ಸರಾಸರಿ ಸುಮಾರು 50 ನಿಮಿಷ ತಡವಾಗಿ ಮೂಡುವುದರಿಂದ ಮಲಗುವ ಹೊತ್ತು ಮೀರತೊಡಗಿತು. ಆಗ ಬೆಳಗಿನ ಜಾವದ ಆಕಾಶದಲ್ಲಿ, ಕೆಲವು ದಿನ ಶಾಲೆಗೆ ಹೊರಡುವ ಹೊತ್ತಿನಲ್ಲೂ, ಬಿಳಿಚಿದ ಚಂದ್ರನನ್ನು ಕಂಡು ಮಕ್ಕಳು ಬೆರಗಾದರು. ಹಗಲಿನಲ್ಲಿಯೂ ಚಂದ್ರ ಇರುತ್ತಾನೆಂಬುದು ಅವರು ತಾವೇ ಕಂಡುಕೊಂಡ ಸತ್ಯ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಪಟದಲ್ಲಿ ಒಮ್ಮೆ 29, ಒಮ್ಮೆ 30 ವೃತ್ತ ತುಂಬುವುದು ಇದರಿಂದಲೇ.

ಚಂದ್ರ ಏಕೆ ಹೀಗೆ ಕರಗಿ ಬೆಳೆಯುತ್ತಾನೆಂಬ ಪ್ರಶ್ನೆ ಬಂದೇ ಬಂತು. ಉತ್ತರ ಅಡುಗೆಮನೆಯಲ್ಲಿ ದೊರೆಯಿತು. ಅಜ್ಜಿ ರೊಟ್ಟಿಗೆ ನಾದಿದ ಜೋಳದ ಹಿಟ್ಟಿನಿಂದ ನಿಂಬೆಗಾತ್ರದ ಒಂದು ಉಂಡೆಯನ್ನು ಕೊಟ್ಟಳು. ಅದನ್ನು ಪೆನ್ಸಿಲಿನ ತುದಿಗೆ ಸಿಕ್ಕಿಸಿದೆವು. ಕೋಣೆಯ ಕಿಟಕಿಗಳನ್ನು ಮುಚ್ಚಿ, ಮಗುವಿನ ತಲೆಯ ಮಟ್ಟಕ್ಕೆ ಒಂದೇ ಒಂದು ದೀಪವನ್ನು ಹೊತ್ತಿಸಿದೆವು. ದೀಪವೇ ಸೂರ್ಯ, ಮಗುವಿನ ತಲೆಯೇ ಭೂಮಿ, ಉಂಡೆಯೇ ಚಂದ್ರ. ದೀಪದ ಕಡೆಗೆ ಮುಖ ಮಾಡಿ ಉಂಡೆಯನ್ನು ಎದುರಿಗೆ, ದೀಪಕ್ಕಿಂತ ತುಸು ಮೇಲೆ ಹಿಡಿದರೆ, ನಮ್ಮ ಕಡೆಯ ಭಾಗ ಕತ್ತಲು. ಅದು ಅಮಾವಾಸ್ಯೆ. ಎಡಕ್ಕೆ ನಿಧಾನವಾಗಿ ತಿರುಗಿದರೆ ಬಲಗಡೆ ತೆಳುವಾದ ಬೆಳಕಿನ ಗೆರೆ ಮೂಡುತ್ತದೆ. ಕಾಲು ಸುತ್ತು ತಿರುಗಿದಾಗ ಅರ್ಧಚಂದ್ರ. ದೀಪಕ್ಕೆ ಬೆನ್ನು ಮಾಡಿ ಉಂಡೆಯನ್ನು ತಲೆಯ ನೆರಳಿಗಿಂತ ಮೇಲೆತ್ತಿದರೆ ಹುಣ್ಣಿಮೆ. ಉಂಡೆಯನ್ನು ತಲೆಯ ನೆರಳಿಗೇ ಇಳಿಸಿದರೆ ಚಂದ್ರಗ್ರಹಣ! ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ವಾರೆಯಾಗಿರುವುದರಿಂದ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ಆ ನೆರಳಿನ ಮೇಲೋ ಕೆಳಗೋ ಜಾರಿ ಹೋಗುತ್ತಾನೆ. ಪ್ರತಿ ಹುಣ್ಣಿಮೆಗೂ ಗ್ರಹಣವಿಲ್ಲದಿರುವುದು ಇದೇ ಕಾರಣಕ್ಕೆ.

ಗ್ರಹಣವೆಂದರೆ ಬಾಗಿಲು ಹಾಕಿ ಮಕ್ಕಳನ್ನು ಒಳಗೆ ಕೂಡಿಸುವ ರೂಢಿ ನಮ್ಮ ಮನೆಯಲ್ಲಿಯೂ ಇತ್ತು. 2025ರ ಸೆಪ್ಟೆಂಬರ್ 7ರ ರಾತ್ರಿ ನಮ್ಮ ದೇಶಕ್ಕೆಲ್ಲ ಕಾಣುವ ಪೂರ್ಣ ಚಂದ್ರಗ್ರಹಣವಿತ್ತು. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು, “ಅಜ್ಜಿ, ಅದು ನಮ್ಮ ನೆರಳೇ. ನಿನ್ನದೂ ಇದೆ, ನನ್ನದೂ ಇದೆ. ಬಾ, ನೋಡೋಣ” ಎಂದು ಕರೆದಳು. ಅಜ್ಜಿ ಒಂದು ಗಳಿಗೆ ತಡೆದು, ಬಳಿಕ ಮಾಳಿಗೆ ಹತ್ತಿದಳು. ಮೋಡಗಳ ಸಂದಿನಲ್ಲಿ ತಾಮ್ರವರ್ಣದ ಚಂದ್ರನನ್ನು ಅವಳು ಬಾಳಿನಲ್ಲಿ ಮೊದಲ ಸಲ ಕಂಡಳು.

ಚುಕ್ಕಿಯಿಂದ ಚುಕ್ಕಿಗೆ

ಕನ್ನಡದಲ್ಲಿ ಚುಕ್ಕಿ ಎಂದರೆ ರಂಗೋಲಿಯ ಬೊಟ್ಟೂ ಹೌದು, ಆಕಾಶದ ನಕ್ಷತ್ರವೂ ಹೌದು. ಅಂಗಳದಲ್ಲಿ ಚುಕ್ಕಿಯಿಟ್ಟು ಗೆರೆ ಎಳೆಯುವುದನ್ನು ಕಲಿತ ಮಗುವಿಗೆ ನಕ್ಷತ್ರಪುಂಜದ ಕಲ್ಪನೆಯನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ಹಿರಿಯರು ಆಕಾಶದ ಚುಕ್ಕಿಗಳನ್ನು ಮನಸ್ಸಿನ ಗೆರೆಗಳಿಂದ ಕೂಡಿಸಿಯೇ ಸಪ್ತರ್ಷಿ, ಮೃಗಶಿರಾ ಮೊದಲಾದ ಹೆಸರುಗಳನ್ನು ಇಟ್ಟರು.

ಪಾದರಕ್ಷೆಯ ಡಬ್ಬಿಯ ಒಂದು ಪಕ್ಕದ ಮೇಲೆ ಮಗು ಏಳು ಚುಕ್ಕಿಗಳನ್ನು ಇಡಲಿ. ನಾಲ್ಕು ಒಂದು ಚೌಕದಂತೆ, ಮೂರು ಅದಕ್ಕೆ ಬಾಲದಂತೆ. ಹಿರಿಯರು ದಪ್ಪ ಸೂಜಿಯಿಂದ ಆ ಚುಕ್ಕಿಗಳನ್ನು ಚುಚ್ಚಿ ಕೊಡಲಿ. ಕತ್ತಲೆಯ ಕೋಣೆಯಲ್ಲಿ ಡಬ್ಬಿಯೊಳಗೆ ಬ್ಯಾಟರಿ ಹೊತ್ತಿಸಿಟ್ಟರೆ ಡಬ್ಬಿಯ ಮೈಯಲ್ಲಿ ಏಳು ಚುಕ್ಕಿಗಳು ಹೊಳೆಯುತ್ತವೆ. ಇದೇ ಸಪ್ತರ್ಷಿ ಮಂಡಲ. ಏಪ್ರಿಲ್–ಮೇ ತಿಂಗಳ ರಾತ್ರಿ ಉತ್ತರ ದಿಕ್ಕಿನಲ್ಲಿ ಇದನ್ನೇ ಆಕಾಶದಲ್ಲಿ ತೋರಿಸಬಹುದು. ಬಾಲದ ತುದಿಯಿಂದ ಎರಡನೆಯ ಚುಕ್ಕಿ ವಸಿಷ್ಠ. ಕಣ್ಣು ಚುರುಕಾಗಿದ್ದರೆ ಅದರ ಪಕ್ಕದಲ್ಲಿಯೇ ಮಂಕಾದ ಇನ್ನೊಂದು ಚುಕ್ಕಿ ಕಾಣುತ್ತದೆ. ಅದೇ ಅರುಂಧತಿ. ಮದುವೆಗಳಲ್ಲಿ ಹೆಸರು ಕೇಳಿಯೂ ನಾವು ಅದನ್ನು ನಿಜವಾಗಿ ಗುರುತಿಸಿದುದು ಮೊಮ್ಮಗಳು ತೋರಿಸಿದ ಮೇಲೆ.

ಚಳಿಗಾಲದ ರಾತ್ರಿಗಳಿಗೆ ಇನ್ನೊಂದು ಡಬ್ಬಿ. ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ, ನಡುವೆ ಒಂದೇ ಸಾಲಿನಲ್ಲಿ ಮೂರು. ಇದು ಮಹಾವ್ಯಾಧ. ಜನವರಿ ತಿಂಗಳಲ್ಲಿ ರಾತ್ರಿ ಎಂಟು-ಒಂಬತ್ತು ಗಂಟೆಗೆ ಇದು ಆಕಾಶದಲ್ಲಿ ಸಾಕಷ್ಟು ಮೇಲೆ ನಿಂತಿರುತ್ತದೆ. ಪಟ್ಟಣದ ದೀಪಗಳ ನಡುವೆಯೂ ಮೂರು ಚುಕ್ಕಿಗಳ ಆ ಸಾಲು ಮರೆಯಾಗುವುದಿಲ್ಲ.

ಸಾಸಿವೆಯಷ್ಟು ಭೂಮಿ

ನಾವು ಕೊಂಡು ತಂದ ಆ ಥರ್ಮೊಕೋಲಿನ ಸೌರಮಂಡಲದಲ್ಲಿ ಸೂರ್ಯ ಮೂಸಂಬಿಯಷ್ಟು, ಭೂಮಿ ನಿಂಬೆಯಷ್ಟು, ಎರಡರ ನಡುವೆ ನಾಲ್ಕು ಬೆರಳಿನ ಅಂತರವಿತ್ತು. ಅದಕ್ಕೆ ಬಹುಮಾನ ಬಂದಿತೇ ಹೊರತು ಅದು ನಿಜಕ್ಕೆ ಹತ್ತಿರವಾಗಿರಲಿಲ್ಲ. ನಿಜವಾದ ಅಳತೆಯ ಸೌರಮಂಡಲವನ್ನು ಮಾಡಲು ಸಾಂಬಾರ ಡಬ್ಬಿಯೊಂದೇ ಸಾಕು.

ಎರಡು ಮಿಲಿಮೀಟರ್ ಗಾತ್ರದ ಒಂದು ದಪ್ಪ ಸಾಸಿವೆ ಕಾಳನ್ನು ಭೂಮಿಯೆಂದು ಇಟ್ಟುಕೊಳ್ಳೋಣ. ಆಗ ಚಂದ್ರ ಒಂದು ಸಣ್ಣ ರವೆಯ ಕಣ, ಸಾಸಿವೆಯಿಂದ ಆರು ಸೆಂಟಿಮೀಟರ್ ದೂರದಲ್ಲಿ. ಸೂರ್ಯನ ಅಡ್ಡಳತೆ ಭೂಮಿಯ 109 ಪಟ್ಟು. ಆದುದರಿಂದ ಅವನು ಮಕ್ಕಳು ಒದೆಯುವ ಫುಟ್‌ಬಾಲಿನಷ್ಟಾಗುತ್ತಾನೆ. ಚೆಂಡಿಗೂ ಸಾಸಿವೆಗೂ ನಡುವಿನ ಅಂತರ ಸುಮಾರು 23 ಮೀಟರ್. ಮಂಗಳ ಗ್ರಹ ಒಂದು ಗಸಗಸೆ, ಚೆಂಡಿನಿಂದ 36 ಮೀಟರ್. ಗುರು ಒಂದು ನೆಲ್ಲಿಕಾಯಿ, 122 ಮೀಟರ್. ಶನಿ ಅದಕ್ಕಿಂತ ತುಸು ಚಿಕ್ಕದು, 220 ಮೀಟರಿಗೂ ಆಚೆ. ಯುರೇನಸ್, ನೆಪ್ಚೂನ್‌ಗಳು ಎರಡು ಕಡಲೆ ಕಾಳುಗಳು. ಮೊದಲನೆಯದು ಸುಮಾರು 450 ಮೀಟರ್ ದೂರದಲ್ಲಿ, ಎರಡನೆಯದು 700 ಮೀಟರ್ ದೂರದಲ್ಲಿ.

ಮಕ್ಕಳು ರಟ್ಟಿನ ತುಂಡುಗಳಿಗೆ ಕಾಳುಗಳನ್ನು ಅಂಟಿಸಿ, ಹೆಸರು ಬರೆದು, ಒಂದೊಂದಕ್ಕೆ ಕಡ್ಡಿ ಸಿಕ್ಕಿಸಿದರು. ಚೆಂಡನ್ನು ನಮ್ಮ ಮನೆಯ ಕಟ್ಟೆಯ ಮೇಲಿಟ್ಟು, ಹೆಜ್ಜೆ ಎಣಿಸುತ್ತ ಹೊರಟೆವು. ಭೂಮಿ ನೆರೆಮನೆಯ ತುಳಸಿಕಟ್ಟೆಯ ಬಳಿ ನಿಂತಿತು. ಗುರು ಕಿರಾಣಿ ಅಂಗಡಿಯ ಮುಂದೆ. ನೆಪ್ಚೂನ್ ತಲುಪುವ ಹೊತ್ತಿಗೆ ಚಿಕ್ಕವನ ಕಾಲು ಸೋತು ನಮ್ಮ ಹೆಗಲೇರಿದ್ದ. ತಿರುಗಿ ನೋಡಿದರೆ ಚೆಂಡು ಕಾಣಲೇ ಇಲ್ಲ. “ಇಷ್ಟೆಲ್ಲ ಖಾಲಿ ಜಾಗವೇ ಅಜ್ಜಾ?” ಎಂದು ಮೊಮ್ಮಗಳು ಕೇಳಿದಳು. ಹೌದು, ಇಷ್ಟೆಲ್ಲ ಖಾಲಿ. ಇದೇ ಅಳತೆಯಲ್ಲಿ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವನ್ನು ಇಡಬೇಕಾದರೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ನಡೆಯಬೇಕು. ಮರಳುವಾಗ ಅವಳು ಸಾಸಿವೆಯ ರಟ್ಟನ್ನು ಮಾತ್ರ ತಾನೇ ಹಿಡಿದುಕೊಂಡಳು. “ನಾವೆಲ್ಲ ಇದರ ಮೇಲೆಯೇ ಇದ್ದೇವಲ್ಲ, ಬೀಳಿಸಬಾರದು” ಎಂದಳು.

ರಂಗೋಲಿ ಪುಡಿಯಲ್ಲಿ ಚಂದ್ರನ ಕುಳಿಗಳು

ಅಗಲವಾದ ಒಂದು ತಟ್ಟೆಯಲ್ಲಿ ಜರಡಿ ಹಿಡಿದ ಕೆಮ್ಮಣ್ಣನ್ನು ಮೂರು ಬೆರಳು ದಪ್ಪಕ್ಕೆ ಹರಡಿ, ಮೇಲೆ ಬಿಳಿಯ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಬೇಕು. ಮಗು ಗೋಲಿಯೊಂದನ್ನು ಮೊದಲು ಮೊಣಕಾಲಿನ ಎತ್ತರದಿಂದ, ಆಮೇಲೆ ತಲೆಯ ಎತ್ತರದಿಂದ ಬಿಡಲಿ. ಗೋಲಿಗಿಂತ ಅಗಲವಾದ ಕುಳಿ ಬೀಳುತ್ತದೆ. ಎತ್ತರ ಹೆಚ್ಚಿದಂತೆ ಕುಳಿ ದೊಡ್ಡದಾಗುತ್ತದೆ. ಒಳಗಿನ ಕೆಮ್ಮಣ್ಣು ಬಿಳಿಯ ಪುಡಿಯ ಮೇಲೆ ಕಿರಣಗಳಂತೆ ಚೆಲ್ಲುತ್ತದೆ. ಹುಣ್ಣಿಮೆಯ ಚಂದ್ರನನ್ನು ದುರ್ಬೀನಿನಲ್ಲಿ ನೋಡಿದವರಿಗೆ ಇಂಥ ಕಿರಣಗಳ ಪರಿಚಯವಿರುತ್ತದೆ.

ಚಂದ್ರನಲ್ಲಿ ಮಳೆಯಿಲ್ಲ, ಗಾಳಿ ಇಲ್ಲವೆಂದೇ ಹೇಳಬೇಕು. ಆದುದರಿಂದ ಕೋಟ್ಯಂತರ ವರ್ಷಗಳ ಹಿಂದೆ ಬಿದ್ದ ಕುಳಿಗಳು ಇಂದಿಗೂ ಉಳಿದಿವೆ. ಭೂಮಿಯ ಮೇಲೆಯೂ ಇಂಥ ಕಲ್ಲುಗಳು ಬಿದ್ದಿವೆ. ನೆರೆಯ ಮಹಾರಾಷ್ಟ್ರದ ಲೋಣಾರ್ ಸರೋವರವು ಉಲ್ಕೆ ಬಿದ್ದು ಉಂಟಾದ ಕುಳಿಯೇ. ಆದರೆ ಭೂಮಿಯ ಹೆಚ್ಚಿನ ಕುಳಿಗಳನ್ನು ಮಳೆ, ಗಾಳಿ, ನದಿಗಳು ಅಳಿಸಿಹಾಕಿವೆ. ಇದನ್ನು ತೋರಿಸಲು ತಟ್ಟೆಯ ಅರ್ಧ ಭಾಗಕ್ಕೆ ನೀರು ಚಿಮುಕಿಸಿದರೆ ಸಾಕು.

ಬತ್ತಾಸಿನ ನೌಕೆ

ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯವಾದುದು ಇದು. ಜಾತ್ರೆಯಲ್ಲಿ ದೊರೆಯುವ ಬತ್ತಾಸನ್ನು ಎಲ್ಲರೂ ಬಲ್ಲರು. ಹಗುರ, ಸ್ವಲ್ಪ ಪೆಟ್ಟಾದರೂ ಪುಡಿ. ಒಂದು ಬತ್ತಾಸನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಗೆ ಕಾಲುಗಳನ್ನು ಕಟ್ಟಿ, ಮಂಚದ ಎತ್ತರದಿಂದ ಕೆಳಕ್ಕೆ ಬಿಟ್ಟಾಗ ಬತ್ತಾಸು ಒಡೆಯಬಾರದು. ಇಷ್ಟೇ ಪಂದ್ಯ. ಏನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದು ಮಕ್ಕಳಿಗೆ ಬಿಟ್ಟುದು.

ಮೊದಲ ಭಾನುವಾರ ಕಡ್ಡಿಯ ಕಾಲುಗಳು ಮುರಿದು ಬತ್ತಾಸು ಚೂರಾಯಿತು. ಎರಡನೆಯ ಸಲ ಮೊಮ್ಮಗಳು ಕರವಸ್ತ್ರವನ್ನು ಛತ್ರಿಯಂತೆ ಕಟ್ಟಿದಳು. ಬತ್ತಾಸು ಉಳಿಯಿತು. ಆಗ ನಾವು ಒಂದು ಮಾತು ಕೇಳಿದೆವು, “ಚಂದ್ರನಲ್ಲಿ ಗಾಳಿ ಇಲ್ಲವಲ್ಲ, ಛತ್ರಿ ಹೇಗೆ ಅರಳೀತು?” ಅವಳು ಸ್ವಲ್ಪ ಹೊತ್ತು ಯೋಚಿಸಿ ತಾನೇ ಛತ್ರಿಯನ್ನು ಬಿಚ್ಚಿದಳು. ಮೂರನೆಯ ಸಲವೂ ಬತ್ತಾಸು ಒಡೆಯಿತು. ಆಗ ಅಳು ಬಂತು. ನಾವೇ ಕಟ್ಟಿಕೊಡೋಣವೆಂದು ಕೈ ಚಾಚಿದೆವು. ಕಪಾಟಿನ ತಳದ ಪ್ರಶಸ್ತಿಪತ್ರ ನೆನಪಾಗಿ ಕೈ ಹಿಂದೆಗೆದೆವು.

ಕೈಗೆ ಬದಲಾಗಿ ಕತೆಯೊಂದನ್ನು ಕೊಟ್ಟೆವು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ–2ರ ವಿಕ್ರಮ್ ನೌಕೆಯೂ ಹೀಗೆಯೇ ಚಂದ್ರನಿಗೆ ಅಪ್ಪಳಿಸಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತ ದೊಡ್ಡ ದೊಡ್ಡ ವಿಜ್ಞಾನಿಗಳ ಕಣ್ಣಲ್ಲಿಯೂ ನೀರು ಬಂತು. ಬಳಿಕ ಅವರು ಎಲ್ಲಿ ತಪ್ಪಾಯಿತೆಂದು ಒಂದೊಂದನ್ನೇ ಹುಡುಕಿದರು. ಹೊಸ ನೌಕೆಯ ಕಾಲುಗಳನ್ನು ಬಲಪಡಿಸಿದರು, ಹೆಚ್ಚು ಇಂಧನ ತುಂಬಿದರು, ಇಳಿಯಲು ಗೊತ್ತುಪಡಿಸಿದ ಜಾಗವನ್ನು ವಿಸ್ತರಿಸಿದರು. ನಾಲ್ಕು ವರ್ಷಗಳ ಅನಂತರ 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ ಗುರಿ ಮುಟ್ಟಿತು. ಅದರೊಳಗಿಂದ ಆರು ಗಾಲಿಗಳ, 26 ಕಿಲೋ ತೂಕದ ಪ್ರಜ್ಞಾನ್ ಬಂಡಿ ಇಳಿದು ಚಂದ್ರನ ಮಣ್ಣಿನ ಮೇಲೆ ಓಡಾಡಿತು.

ನಾಲ್ಕನೆಯ ಭಾನುವಾರ ಅವಳು ಅಜ್ಜಿಯಿಂದ ತೆಂಗಿನ ನಾರು ಕೇಳಿ ಪಡೆದು ಪೆಟ್ಟಿಗೆಯೊಳಗೆ ತುಂಬಿದಳು. ಕಾಗದವನ್ನು ಹಿಂದೆ ಮುಂದೆ ಮಡಿಸಿ, ಒತ್ತಿದರೆ ಕುಗ್ಗುವ ನಾಲ್ಕು ಕಾಲುಗಳನ್ನು ಅಂಟಿಸಿದಳು. ಬತ್ತಾಸು ಉಳಿಯಿತು. ಅಂದು ಮನೆಯಲ್ಲಿ ಎದ್ದ ಕೂಗು ನೆರೆಯವರನ್ನು ಓಡಿಬರುವಂತೆ ಮಾಡಿತು. ಒಡೆದ ಬತ್ತಾಸುಗಳ ಲೆಕ್ಕ ಕೇಳಬೇಡಿ. ಶುಭ್ರ ಕಾಗದದಲ್ಲಿ ಸುತ್ತಿಟ್ಟಿದ್ದುದರಿಂದ ಅವೆಲ್ಲ ಚಿಕ್ಕವನ ಹೊಟ್ಟೆ ಸೇರಿದವು.

ಮಣ್ಣೆತ್ತು ಮತ್ತು ಉಪಗ್ರಹ

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಮಣ್ಣು ಉಳಿದಿತ್ತು. ಮಕ್ಕಳು ಬಂಡಿಯನ್ನೂ ಮಾಡಿ ಎತ್ತುಗಳಿಗೆ ಹೂಡಿದರು. ಬಂಡಿಯ ಮೇಲೆ ಏನನ್ನು ಹೇರುವುದೆಂಬ ಮಾತು ಬಂದಾಗ ನಾವು ಉಪಗ್ರಹವನ್ನು ಹೇರಿ ಎಂದೆವು. ಅವರು ನಕ್ಕರು. ಆದರೆ ಇದು ನಡೆದ ಸಂಗತಿ. 1981ರಲ್ಲಿ ಹಾರಿದ ಆ್ಯಪಲ್ ಎಂಬ ನಮ್ಮ ಸಂಪರ್ಕ ಉಪಗ್ರಹದ ಆಂಟೆನಾವನ್ನು ಪರೀಕ್ಷಿಸುವಾಗ ಸುತ್ತ ಕಬ್ಬಿಣದ ವಾಹನವಿದ್ದರೆ ಅಳತೆ ತಪ್ಪುವುದೆಂದು, ಉಪಗ್ರಹವನ್ನು ಮರದ ಎತ್ತಿನ ಬಂಡಿಯ ಮೇಲೆ ಇರಿಸಲಾಗಿತ್ತು. ಬಡತನದ ಗುರುತೆಂದು ಕೆಲವರು ಆ ಚಿತ್ರವನ್ನು ಕಂಡು ಮರುಗುವುದುಂಟು. ನಿಜವಾಗಿ ಅದು ಜಾಣ್ಮೆಯ ಗುರುತು.

ಅದಕ್ಕೂ ಮುಂಚೆ, ದೇಶದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡುದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಸಿದ್ಧವಾದ, 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಈ ಮಾತುಗಳನ್ನು ಕೇಳುತ್ತ ಮಕ್ಕಳು ಬೆಂಕಿಪೆಟ್ಟಿಗೆಗೆ ಬಣ್ಣದ ಕಾಗದ ಹಚ್ಚಿ ಉಪಗ್ರಹ ಮಾಡಿದರು. ಮುತ್ತುಗದ ಎಲೆಯ ದೊನ್ನೆಯನ್ನು ಕಡ್ಡಿಯ ಮೇಲೆ ನಿಲ್ಲಿಸಿ ಆಂಟೆನಾ ಮಾಡಿದರು. ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿರುವ ಆಂಟೆನಾ ಕೂಡ ದೊನ್ನೆಯ ಆಕಾರದ್ದೇ. ಅದರ ಅಗಲ ಮಾತ್ರ 32 ಮೀಟರ್! ಚಂದ್ರನ ಬಳಿಯ ನೌಕೆಗಳ ಕ್ಷೀಣ ದನಿಯನ್ನು ಅದು ಆಲಿಸುತ್ತದೆ.

ಸೂರ್ಯನ ವಿಷಯದಲ್ಲಿ ಜೋಪಾನ

ಚಂದ್ರನನ್ನು, ಚುಕ್ಕಿಗಳನ್ನು ಎಷ್ಟು ಹೊತ್ತಾದರೂ ನೋಡಬಹುದು. ಸೂರ್ಯನನ್ನು ಎಂದಿಗೂ ನೇರವಾಗಿ ನೋಡಬಾರದು. ಬಣ್ಣದ ಗಾಜು, ಹಳೆಯ ಎಕ್ಸ್‌-ರೇ ಹಾಳೆ, ತಂಪು ಕನ್ನಡಕ ಇವಾವುವೂ ಕಣ್ಣನ್ನು ಕಾಯುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲ ದಿನವೇ ಖಂಡಿತವಾಗಿ ಹೇಳಿಡಬೇಕು.

ಸೂರ್ಯನಿಗೆ ಬೆನ್ನು ಮಾಡಿ ನಿಂತು, ಸೂಜಿಯಿಂದ ಒಂದು ರಂಧ್ರ ಮಾಡಿದ ರಟ್ಟನ್ನು ಹೆಗಲ ಮೇಲೆ ಹಿಡಿದು, ಎದುರಿಗೆ ಒಂದೆರಡು ಮೀಟರ್ ದೂರದಲ್ಲಿ ಬಿಳಿ ಕಾಗದವನ್ನು ನೆರಳಿನಲ್ಲಿ ಇಟ್ಟರೆ ಅದರ ಮೇಲೆ ಪುಟ್ಟ ದುಂಡು ಬೆಳಕು ಬೀಳುತ್ತದೆ. ಅದು ರಂಧ್ರದ ಆಕಾರವಲ್ಲ, ಸೂರ್ಯನ ಬಿಂಬ. ಸೂರ್ಯಗ್ರಹಣದ ದಿನ ಅಡುಗೆಮನೆಯ ಜರಡಿಯೇ ಸಾಕು. 2019ರ ಡಿಸೆಂಬರ್ 26ರ ಕಂಕಣಗ್ರಹಣದಂದು ಮಂಗಳೂರಿನಲ್ಲಿ ಸೂರ್ಯ ಬಳೆಯಂತೆ ಕಂಡ. ನಾಡಿನ ಹೆಚ್ಚಿನ ಕಡೆಗಳಲ್ಲಿ ಕುಡುಗೋಲಿನಂತೆ ಕಂಡ. ಅಂದು ನಾವು ಅಂಗಳದಲ್ಲಿ ಜರಡಿ ಹಿಡಿದಾಗ ನೆಲದ ಮೇಲೆ ನೂರಾರು ಪುಟ್ಟ ಕುಡುಗೋಲುಗಳು ಮೂಡಿದುದು ಕಣ್ಣಿಗೆ ಕಟ್ಟಿದಂತಿದೆ.

ಗೊತ್ತಿಲ್ಲವೆಂಬುದು ಅವಮಾನವಲ್ಲ

ಈ ಕೆಲಸಗಳಿಗೆ ವಿಜ್ಞಾನದ ಪದವಿ ಬೇಕೆಂದು ಯಾರೂ ಹಿಂಜರಿಯಬೇಕಾಗಿಲ್ಲ. ನಮ್ಮ ಮನೆಯ ಅಜ್ಜಿ ಓದಿದುದು ಏಳನೆಯ ಇಯತ್ತೆ. ಮಕ್ಕಳ ಪ್ರಶ್ನೆಗೆ ಉತ್ತರ ಹೊಳೆಯದಿದ್ದಾಗ “ನನಗೂ ಗೊತ್ತಿಲ್ಲ ಕೂಸೇ, ಕೇಳಿ ತಿಳಿಯೋಣ” ಎಂದುಬಿಡುತ್ತಾಳೆ. ಆ ಪ್ರಶ್ನೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇವೆ. ಪುಸ್ತಕದಲ್ಲೋ, ಶಾಲೆಯ ಗುರುಗಳಿಂದಲೋ ಉತ್ತರ ತಿಳಿದ ದಿನ ಅದರ ಮುಂದೆ ಗುರುತು ಹಾಕುತ್ತೇವೆ. ಬೆಂಗಳೂರಿಗೆ ಹೋದಾಗ ಜವಾಹರಲಾಲ್ ನೆಹರೂ ತಾರಾಲಯಕ್ಕೆ, ಮಂಗಳೂರಿಗೆ ಹೋದಾಗ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ಬೀಗರ ಊರಿಗೆ ಹೋದಂತೆ ಇದಕ್ಕೂ ಒಂದು ದಿನ ತೆಗೆದಿಡಬಹುದು.

2025ರ ಆಗಸ್ಟಿನಲ್ಲಿ ಶಾಲೆಯಿಂದ ಮತ್ತೆ ಅದೇ ಚೀಟಿ ಬಂತು. ಈ ಸಲ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಮೊಮ್ಮಗಳು ತನ್ನ ಬತ್ತಾಸಿನ ನೌಕೆಯನ್ನು ಹಾಲಿನ ಡಬ್ಬಿಯಲ್ಲಿಟ್ಟುಕೊಂಡು ಹೊರಟಳು. ಅದರ ಒಂದು ಕಾಲು ವಾರೆಯಾಗಿತ್ತು, ಅಂಟು ಹಳದಿಗಟ್ಟಿತ್ತು. ಸರಿಮಾಡಿ ಕೊಡಲು ನಮ್ಮ ಬೆರಳು ತುಡಿದರೂ ಸುಮ್ಮನಿದ್ದೆವು. ಸಂಜೆ ಮರಳಿದವಳನ್ನು ಬಹುಮಾನ ಬಂತೇ ಎಂದು ಅಜ್ಜಿ ಕೇಳಿದಳು. ಬಂದಿರಲಿಲ್ಲ. “ಆದರೆ ಟೀಚರ್ ಮೂರು ಸಲ ಬೀಳಿಸಿ ನೋಡಿದರು ಅಜ್ಜಿ. ಮೂರು ಸಲವೂ ಒಡೆಯಲಿಲ್ಲ. ಹೇಗೆ ಮಾಡಿದೆ ಎಂದು ಎಲ್ಲರಿಗೂ ಹೇಳಿಸಿದರು” ಎಂದಳು. ಆಮೇಲೆ ಸ್ಟೂಲು ಹತ್ತಿ, ಪಡಸಾಲೆಗೆ ಬಂದವರೆಲ್ಲರ ಕಣ್ಣಿಗೆ ಬೀಳುವ ಗೂಡಿನಲ್ಲಿ ಆ ವಾರೆಗಾಲಿನ ನೌಕೆಯನ್ನು ತಾನೇ ಇಟ್ಟಳು.

ಅದು ಈಗಲೂ ಅಲ್ಲಿಯೇ ಇದೆ. ಕೊಂಡು ತಂದ ಸೌರಮಂಡಲ ಯಾವ ಮೂಲೆಯಲ್ಲಿದೆಯೋ ನಮಗೆ ನೆನಪಿಲ್ಲ. ಓದುಗ ಬಂಧುಗಳು ಬರುವ ಭಾನುವಾರ ಒಂದು ಬಳೆ, ಒಂದು ತುಂಡು ಇದ್ದಿಲು ಮತ್ತು ಒಂದು ಹಾಳೆಯಿಂದ ಆರಂಭಿಸಲಿ. ಮಗು ಗೆರೆ ಎಳೆಯಲಿ. ಹಿರಿಯರು ಪಕ್ಕದಲ್ಲಿ ಕುಳಿತಿರಲಿ.